ಪ್ರಾಸದ ನೆಲೆ

ಒಂದು ಶಬ್ದವನ್ನು ಕೊಟ್ಟು ಅದಕ್ಕೆ ಪ್ರಾಸವಾಗುವ ಬೇರೆ ಶಬ್ದಗಳನ್ನು ಹೇಳಬೇಕೆಂದರೆ, ಕನ್ನಡದ ಹಳೆಯ ಕವಿಯೂ ಇಂಗ್ಲಿಷಿನ ಕವಿಯೂ ಆ ಶಬ್ದದ ಒಂದೇ ಭಾಗವನ್ನು ನೋಡುವುದಿಲ್ಲ. ಇಂಗ್ಲಿಷಿನವನು ಅದರ ತುದಿಗೆ ಕಿವಿಗೊಡುವನು. ಕನ್ನಡದವನು ಅದರ ಎರಡನೆಯ ಅಕ್ಷರವನ್ನು ಹಿಡಿಯುವನು. ಗಂಗಾವತಿಯೆಂಬ ಊರಿನ ಹೆಸರನ್ನೇ ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ತುದಿಯನ್ನು ಹಿಡಿದು ಹೊರಟವನಿಗೆ ಭದ್ರಾವತಿ, ಶರಾವತಿ, ಹೇಮಾವತಿ, ವೇದಾವತಿ, ಅಮರಾವತಿ ಎಂಬ ಹೆಸರುಗಳು ಸಾಲುಸಾಲಾಗಿ ದೊರೆಯುವುವು. ಎರಡನೆಯ ಅಕ್ಷರವನ್ನು ಹಿಡಿದು ಹೊರಟವನಿಗೆ ತುಂಗೆ, ಸಂಗಮ, ಮುಂಗಾರು, ಹಿಂಗಾರು, ಬೆಂಗಾಡು, ತಿಂಗಳು, ಅಂಗಳ, ಲಿಂಗ, ರಂಗ, ಮಂಗಳ ಎಂಬುವು ದೊರೆಯುವುವು. ಮೊದಲನೆಯ ಪಟ್ಟಿಯಲ್ಲಿ ಒಂದಾಗಿರುವುದು ‘ವತಿ’ಯೆಂಬ ಪ್ರತ್ಯಯ ಮಾತ್ರ, ಅದು ಒಂದೇ ಅಚ್ಚಿನಿಂದ ಹೊರಟ ಹೆಸರುಗಳ ಸಾಲು. ಎರಡನೆಯ ಪಟ್ಟಿಯಲ್ಲಿ ಆ ಸೀಮೆಯ ಹೊಳೆ, ಮಳೆ, ಬಿಸಿಲು, ಮನೆಯ ಮುಂದಣ ನೆಲ, ದೇವರು ಎಲ್ಲವೂ ಬಂದು ಕೂಡಿರುವುವು. ಈ ಚಿಕ್ಕ ನಿದರ್ಶನದಲ್ಲಿ ಕನ್ನಡ ಪ್ರಾಸದ ಸಾವಿರದ ಇನ್ನೂರು ವರ್ಷಗಳ ಚರಿತ್ರೆಯ ಬೀಜವು ಅಡಗಿರುವುದು.

೧

ಕನ್ನಡದ ಪ್ರಾಸನಿಯಮವು ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದು. ಪದ್ಯದ ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವಿರಬೇಕು. ಆ ವ್ಯಂಜನಕ್ಕೆ ಹತ್ತಿದ ಸ್ವರವು ಬೇರೆಯಾದರೂ ಸಲ್ಲುವುದು. ಆದರೆ ಮೊದಲನೆಯ ಅಕ್ಷರದ ಅಳತೆಯು ಬೇರೆಯಾಗಕೂಡದು. ಮರ, ಸಿರಿ, ಕುರುಹು, ತೆರೆ ಎಂಬ ಶಬ್ದಗಳು ಒಂದು ಬಳಗಕ್ಕೆ ಸೇರಿದವು. ಮಾರು, ಸೀರೆ, ಊರು, ತೇರು ಎಂಬುವು ಬೇರೊಂದು ಬಳಗದವು. ಅತ್ತಣದನ್ನು ಇತ್ತ ತಂದರೆ ಪ್ರಾಸಭಂಗವಾಗುವುದು. ಲಾಕ್ಷಣಿಕರು ಈ ಬಳಗಗಳಿಗೆ ಪ್ರಾಣಿಗಳ ಹೆಸರನ್ನಿಟ್ಟಿರುವರು. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜಪ್ರಾಸ, ಅನುಸ್ವಾರವಿದ್ದರೆ ವೃಷಭಪ್ರಾಸ, ವಿಸರ್ಗವಿದ್ದರೆ ಅಜಪ್ರಾಸ. ಪ್ರಾಸಾಕ್ಷರವು ಬೇರೆಬೇರೆ ವ್ಯಂಜನಗಳ ಒತ್ತಾದರೆ ಶರಭಪ್ರಾಸ, ಒಂದೇ ವ್ಯಂಜನದ ದ್ವಿತ್ವವಾದರೆ ಹಯಪ್ರಾಸ. ಗಂಗಾವತಿಯು ವೃಷಭಪ್ರಾಸದ ಹೆಸರು. ನೆರೆಯ ಕೊಪ್ಪಳವು ತುಪ್ಪ, ಒಪ್ಪ, ಇಪ್ಪತ್ತುಗಳೊಡನೆ ಹಯಪ್ರಾಸಕ್ಕೆ ಸಲ್ಲುವುದು. ಅದರ ಹಳೆಯ ಹೆಸರಾದ ಕೊಪಣವಾದರೋ ತಪ, ಜಪ, ಕಪಿ, ರಿಪುಗಳೊಡನೆ ಸಿಂಹಪ್ರಾಸಕ್ಕೆ ಸಲ್ಲುತ್ತಿದ್ದಿತು. ಊರಿನ ಹೆಸರಿನಲ್ಲಿ ಒಂದಕ್ಷರವು ದ್ವಿತ್ವವಾದುದರಿಂದ ಅದರ ನೆಂಟರೆಲ್ಲ ಬದಲಾದರು.

ಈ ನಿಯಮವು ಸಂಸ್ಕೃತದಿಂದ ಬಂದುದಲ್ಲ. ಸಂಸ್ಕೃತದ ಮಹಾಕಾವ್ಯಗಳು ಪ್ರಾಸದ ನಿರ್ಬಂಧವಿಲ್ಲದೆಯೇ ನಡೆದಿವೆ. ತೆಲುಗಿನಲ್ಲಿ ಇದೇ ಪ್ರಾಸವುಂಟು. ತಮಿಳಿನಲ್ಲಿ ‘ಎದುಗೈ’ ಎಂಬ ಹೆಸರಿನಿಂದ ಇದೇ ದ್ವಿತೀಯಾಕ್ಷರದ ಮೇಳವು ಬಹು ಹಿಂದಿನಿಂದಲೂ ಬಳಕೆಯಲ್ಲಿದೆ. ಆದುದರಿಂದ ಇದು ದ್ರಾವಿಡ ಭಾಷೆಗಳ ತಾಯಿಮನೆಯ ಆಸ್ತಿಯೆಂದು ತಿಳಿಯಬೇಕು. ಕನ್ನಡದಲ್ಲಿ ಇದರ ಬಹು ಹಳೆಯ ಸಾಕ್ಷಿಗಳಲ್ಲೊಂದು ಬಾದಾಮಿಯ ಬಂಡೆಯ ಮೇಲಿದೆ. ಸುಮಾರು ಕ್ರಿ. ಶ. ೭೦೦ರ ಕಪ್ಪೆ ಅರಭಟ್ಟನ ಶಾಸನದ ಹೆಸರುವಾಸಿಯಾದ ತ್ರಿಪದಿಯಲ್ಲಿ ಮೂರು ಸಾಲುಗಳ ಎರಡನೆಯ ಅಕ್ಷರವೂ ಧಕಾರ. ಅದರ ಹಿಂದೆ ಮೂರರಲ್ಲಿಯೂ ದೀರ್ಘವಾದ ಆಕಾರ. ಗಜಪ್ರಾಸವೆಂಬ ಹೆಸರನ್ನು ಲಾಕ್ಷಣಿಕರು ಬರೆದಿಡುವುದಕ್ಕೆ ಮೊದಲೇ ಕಲ್ಲಿನಲ್ಲಿ ಗಜಪ್ರಾಸವು ಮೂಡಿದ್ದಿತು.

೨

ಈ ಶಾಸನಕ್ಕೆ ಸುಮಾರು ಒಂದೂವರೆ ಶತಮಾನದ ಬಳಿಕ, ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ವು ಹುಟ್ಟಿತು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಗುರುತಿಸಿದ ಆ ಗ್ರಂಥವು, ಅದರೊಳಗೆ ಕನ್ನಡದ ತಿರುಳಿರುವ ಪ್ರದೇಶವನ್ನು ನಾಲ್ಕು ಊರುಗಳಿಂದ ಎಲ್ಲೆ ಕಟ್ಟಿ ತೋರಿಸಿದೆ. ಕಿಸುವೊಳಲು ಎಂದರೆ ಪಟ್ಟದಕಲ್ಲು, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ, ಒಂಕುಂದವೆಂದರೆ ಬೆಳಗಾವಿ ಜಿಲ್ಲೆಯ ಒಕ್ಕುಂದ, ನಾಲ್ಕನೆಯದು ಕೊಪಣನಗರ, ಎಂದರೆ ಕೊಪ್ಪಳ. ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಸೀಮೆಯು ಈ ಕೊಪಣದ ಸುತ್ತಲಿನದು. ಆ ಗ್ರಂಥವು ಕನ್ನಡನಾಡಿನ ಜನರಿಗೆ ಕೊಟ್ಟಿರುವ ಪ್ರಶಸ್ತಿಯನ್ನು ಎಲ್ಲರೂ ಬಲ್ಲರು: ಓದಿನ ಕಟ್ಟಿಲ್ಲದೆಯೂ ಅವರು ಕಾವ್ಯಪ್ರಯೋಗದಲ್ಲಿ ನುರಿತ ಬುದ್ಧಿಯವರೆಂಬುದು ಅದರ ಅಭಿಪ್ರಾಯ.

ಅದೇ ಗ್ರಂಥದಲ್ಲಿ ಪ್ರಾಸದ ವಿಚಾರವೂ ಬಂದಿದೆ. ಸಂಸ್ಕೃತದ ಮಾರ್ಗದಲ್ಲಿ ಪದ್ಯಪಾದದ ನಡುವೆ ನಿಲುಗಡೆ, ಎಂದರೆ ಯತಿಯು, ಮುಖ್ಯವಾದುದು. ಕನ್ನಡ ಕವಿಗಳು ಪ್ರಾಸವನ್ನೇ ಅತಿಶಯವೆಂದೆಣಿಸಿ ಯತಿಯನ್ನು ಮೀರಿ ನಡೆದರೆಂದು ಕವಿರಾಜಮಾರ್ಗಕಾರನು ಹೇಳುವನು. ಎರಡು ಭಾಷೆಗಳು ಒಂದೇ ಛಂದಸ್ಸನ್ನು ಹಂಚಿಕೊಂಡಾಗಲೂ ಅವುಗಳ ಕಿವಿ ಬೇರೆಯಾಗಿದ್ದುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣವು ಬೇಡ. ಸಂಸ್ಕೃತದ ವೃತ್ತಗಳನ್ನು ಕನ್ನಡವು ಸ್ವೀಕರಿಸಿತು. ಆದರೆ ತನ್ನ ಎರಡನೆಯ ಅಕ್ಷರದ ಹಕ್ಕನ್ನು ಬಿಟ್ಟುಕೊಡಲಿಲ್ಲ. ಮುಂದೆ ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನು ತನ್ನ ‘ಛಂದೋಂಬುಧಿ’ಯಲ್ಲಿ ಪ್ರಾಸವನ್ನು ಕನ್ನಡ ಪದ್ಯದ ಅವಶ್ಯ ಲಕ್ಷಣವಾಗಿ ನಿರೂಪಿಸಿದನು. ಅಲ್ಲಿಂದ ಮುಂದಣ ಕಂದ, ವೃತ್ತ, ಷಟ್ಪದಿ, ಸಾಂಗತ್ಯಗಳೆಲ್ಲವೂ ಈ ನಿಯಮಕ್ಕೆ ತಲೆವಾಗಿದುವು.

೩

ಪ್ರಾಸವು ಕಡ್ಡಾಯವಾದ ಬಳಿಕ ಅದನ್ನು ಹುಡುಕುವ ಕಷ್ಟವೂ ಕಡ್ಡಾಯವಾಯಿತು. ಭಾಮಿನೀ ಷಟ್ಪದಿಯಲ್ಲಿ ಒಂದು ಪದ್ಯ ಬರೆಯುವವನಿಗೆ ಒಂದೇ ಬಳಗದ ಆರು ಶಬ್ದಗಳು ಬೇಕು. ಅವು ಆರೂ ಸಾಲಿನ ಮೊದಲಲ್ಲಿಯೇ ನಿಲ್ಲತಕ್ಕವು. ಭಾರತ ರಾಮಾಯಣಗಳಂತಹ ಕಥೆಯನ್ನು ಸಾವಿರಾರು ಪದ್ಯಗಳಲ್ಲಿ ಹೇಳುವ ಕವಿಗೆ ಎಷ್ಟು ಬಳಗಗಳ ಪರಿಚಯವಿರಬೇಕೆಂಬುದನ್ನು ಊಹಿಸಬಹುದು.

ಭಾರತದ ಕೋಶಕಾರರು ಶಬ್ದಗಳನ್ನು ಅರ್ಥವರ್ಗಗಳಾಗಿ ಜೋಡಿಸುವುದೇ ಹೆಚ್ಚು. ಅಮರಕೋಶದ ಕ್ರಮವು ಎಲ್ಲರಿಗೂ ತಿಳಿದುದು. ಆದರೆ ಅಮರಸಿಂಹನೇ ತನ್ನ ನಾನಾರ್ಥವರ್ಗದಲ್ಲಿ ಶಬ್ದಗಳನ್ನು ಕೊನೆಯ ವ್ಯಂಜನದ ಮೇಲೆ ‘ಕಾಂತ’, ‘ಖಾಂತ’, ‘ಗಾಂತ’ ಎಂದು ಅಳವಡಿಸಿರುವನು. ಮಹೇಶ್ವರನ ‘ವಿಶ್ವಪ್ರಕಾಶ’, ಬಳಿಕಿನ ‘ಮೇದಿನೀ’ ಮೊದಲಾದ ಕೋಶಗಳೂ ಇದೇ ಹಾದಿಯವು. ಅರಬ್ಬೀ ಭಾಷೆಯಲ್ಲಿ ಹತ್ತನೆಯ ಶತಮಾನದ ಅಲ್ ಜೌಹರಿಯು ತನ್ನ ದೊಡ್ಡ ಕೋಶವನ್ನು ಧಾತುವಿನ ಕೊನೆಯ ಅಕ್ಷರದ ಮೇಲೆ ಜೋಡಿಸಿದನು. ಚೀನರಲ್ಲಿ ಕ್ರಿ. ಶ. ೬೦೧ರಷ್ಟು ಹಿಂದೆಯೇ ಪ್ರಾಸಕ್ರಮದ ಕೋಶವೊಂದು ಸಿದ್ಧವಾಗಿದ್ದಿತು. ಶಬ್ದವನ್ನು ಅದರ ನಾದದಿಂದ ಹುಡುಕುವ ವಿದ್ಯೆಯು ಏಷಿಯಾ ಖಂಡಕ್ಕೆ ಹೊಸದೇನೂ ಅಲ್ಲ.

ಕನ್ನಡದಲ್ಲಿ ಈ ಅವಶ್ಯಕತೆಯನ್ನು ಬಹು ಸ್ಪಷ್ಟವಾಗಿ ಕಂಡವನು ಸುಮಾರು ೧೨೬೦ರಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜ. ಅವನ ಕಾಲಕ್ಕೆ ಕನ್ನಡದ ನಾಲಗೆಯಲ್ಲಿ ಒಂದು ದೊಡ್ಡ ಬದಲಾವಣೆಯು ನಡೆದಿದ್ದಿತು. ಹಳಗನ್ನಡದಲ್ಲಿ ಳಕಾರಕ್ಕೂ ೞಕಾರಕ್ಕೂ ಭೇದವಿದ್ದಿತು. ಕಿವಿಯಿಂದ ‘ಕೇಳ್’ ಎಂಬುದರಲ್ಲಿ ಇದ್ದುದು ಳಕಾರ. ಸಂಖ್ಯೆಯನ್ನು ಹೇಳುವ ‘ಏೞ್’ ಎಂಬುದರಲ್ಲಿ ಇದ್ದುದು ೞಕಾರ. ಹಳಬರ ಕಿವಿಗೆ ಇವೆರಡೂ ಪ್ರಾಸವಾಗವು. ಆಡುಮಾತಿನಲ್ಲಿ ೞಕಾರವು ಅಳಿದು ಳಕಾರದಲ್ಲಿ ಬೆರೆತ ಮೇಲೆ ಎರಡೂ ಒಂದಾಗಿ ಕೇಳಿಸತೊಡಗಿದುವು. ಕವಿಯು ಕಿವಿಯನ್ನು ನಂಬಿ ಬರೆದರೆ ಪಂಡಿತರ ಸಭೆಯಲ್ಲಿ ಪ್ರಾಸಭಂಗದ ದೋಷಕ್ಕೆ ಗುರಿಯಾಗಬೇಕಾಗಿದ್ದಿತು. ಆದುದರಿಂದ ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಆರಿಸಿ ಪಟ್ಟಿಯಾಗಿ ಕೊಟ್ಟನು. ವ್ಯಾಕರಣಗ್ರಂಥದಲ್ಲಿ ಬಂದ ಆ ಪಟ್ಟಿಯು ವಸ್ತುತಃ ಕವಿಗಳ ಪ್ರಾಸಕೋಶವೇ ಸರಿ.

ಱಕಾರದ ಕಥೆಯೂ ಇಂತಹುದೇ. ಆಕಳನ್ನು ‘ಕಱೆ’ಯುವುದು ಬೇರೆ, ಆಕಳನ್ನು ‘ಕರೆ’ಯುವುದು ಬೇರೆ, ಮೊದಲನೆಯದು ಹಾಲಿಗೆ, ಎರಡನೆಯದು ಕೂಗಿಗೆ. ಕಾಲಕ್ರಮದಲ್ಲಿ ಅವೆರಡೂ ಒಂದೇ ರಕಾರದಲ್ಲಿ ಅಡಗಿದುವು. ಈ ಎರಡು ಅಕ್ಷರಗಳು ವರ್ಣಮಾಲೆಯಿಂದ ಮರೆಯಾದ ಬಳಿಕವೂ ಯಾವ ಶಬ್ದದಲ್ಲಿ ಯಾವುದಿದ್ದಿತೆಂಬುದನ್ನು ವಿದ್ವಾಂಸರು ಹೇಗೆ ಬಲ್ಲರು? ಲಿಪಿಕಾರರ ಓಲೆಗಳನ್ನು ಮಾತ್ರ ನಂಬುವಂತಿಲ್ಲ. ಅವರು ತಮ್ಮ ಕಾಲದ ಉಚ್ಚಾರಣೆಯಂತೆ ತಿದ್ದಿ ಬರೆಯುವುದುಂಟು. ಆದರೆ ಪ್ರಾಸಸ್ಥಾನದಲ್ಲಿ ನಿಂತ ಅಕ್ಷರವನ್ನು ತಿದ್ದಿದರೆ ಉಳಿದ ಪಾದಗಳು ಸಾಕ್ಷಿ ನುಡಿಯುವುವು. ಹೀಗೆ ಪ್ರಾಸವು ಪದ್ಯದ ಅಲಂಕಾರವಷ್ಟೇ ಆಗದೆ ಭಾಷೆಯ ದಸ್ತಾವೇಜೂ ಆಗಿದೆ. ಕಿಟ್ಟೆಲರು ೧೮೭೨ರಲ್ಲಿ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ಛಂದೋಂಬುಧಿಯನ್ನೂ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ೧೮೯೪ರ ಅವರ ಮಹಾಕೋಶದಲ್ಲಿ ಱ, ೞಗಳಿರುವ ರೂಪಗಳನ್ನು ಗುರುತಿಸುವುದಕ್ಕೆ ಇಂತಹ ಹಳೆಯ ಗ್ರಂಥಗಳು ನೆರವಾದುವು.

೪

ಇಂಗ್ಲಿಷಿನ ಕಡೆಗೆ ತಿರುಗಿದರೆ ಬೇರೊಂದು ಚಿತ್ರವು ಕಾಣುವುದು. ಆ ಭಾಷೆಯ ಅತಿ ಹಳೆಯ ಕಾವ್ಯವಾದ ‘ಬೇವುಲ್ಫ್’ ಮೊದಲಾದುವುಗಳಲ್ಲಿ ಅಂತ್ಯಪ್ರಾಸದ ಕಟ್ಟಳೆಯಿಲ್ಲ. ಒತ್ತಿನಿಂದ ನುಡಿಯುವ ಶಬ್ದಗಳ ಮೊದಲ ವ್ಯಂಜನವು ಸಾಲಿನಲ್ಲಿ ಮರಳಿ ಮರಳಿ ಬರುವುದೇ ಅಲ್ಲಿಯ ಕಟ್ಟು. ಆ ಕಾಲದ ಇಂಗ್ಲಿಷಿನಲ್ಲಿ ಕನ್ನಡದಂತೆಯೇ ವಿಭಕ್ತಿಪ್ರತ್ಯಯಗಳು ಶಬ್ದದ ಕೊನೆಗೆ ಹತ್ತುತ್ತಿದ್ದುವು. ೧೦೬೬ರಲ್ಲಿ ನಾರ್ಮನರು ಆ ದ್ವೀಪವನ್ನು ಗೆದ್ದ ಬಳಿಕ ಫ್ರೆಂಚ್ ಕಾವ್ಯದ ಬಳಕೆಯು ಹೆಚ್ಚಿತು. ಲ್ಯಾಟಿನ್ ಸ್ತೋತ್ರಗಳ ಅಂತ್ಯಪ್ರಾಸವೂ ಕಿವಿಗೆ ಹತ್ತಿತು. ಪ್ರತ್ಯಯಗಳು ಸವೆದು ಉದುರತೊಡಗಿದುವು. ಹದಿನಾಲ್ಕನೆಯ ಶತಮಾನದ ಚಾಸರ್ ಕವಿಯ ಕಾಲಕ್ಕೆ ಅಂತ್ಯಪ್ರಾಸವು ನೆಲೆಯೂರಿದ್ದಿತು. ಪ್ರತ್ಯಯವು ಉದುರಿದ ಶಬ್ದದಲ್ಲಿ ತುದಿಯೇ ಪ್ರಕೃತಿಯಾಗುವುದು. ಆಗ ತುದಿಯ ಮೇಳಕ್ಕೆ ಬೆಲೆ ಬರುವುದು.

ಇಂಗ್ಲಿಷಿನಲ್ಲಿ ಒಂದು ಶಬ್ದಕ್ಕೆ ಪ್ರಾಸ ಹುಡುಕುವ ಕ್ರಮ ಹೀಗೆ: ಶಬ್ದದಲ್ಲಿ ಒತ್ತು ಬೀಳುವ ಕೊನೆಯ ಸ್ವರವನ್ನು ಹಿಡಿಯಬೇಕು; ಆ ಸ್ವರವೂ ಅದರಿಂದ ಮುಂದಣ ನಾದವೆಲ್ಲವೂ ಒಂದಾಗಿರಬೇಕು; ಸ್ವರದ ಹಿಂದಣ ವ್ಯಂಜನವು ಮಾತ್ರ ಬೇರೆಯಾಗಬೇಕು. ‘ನೇಷನ್’ ಎಂಬುದಕ್ಕೆ ‘ಸ್ಟೇಷನ್’ ಪ್ರಾಸವಾಗುವುದು. ‘ಪ್ಯಾಷನ್’ ಆಗದು, ಕೊನೆಯ ಅಕ್ಷರಗಳು ಒಂದೇ ಆದರೂ ಒತ್ತಿನ ಸ್ವರವು ಬೇರೆ. ಕನ್ನಡದ ವಿದ್ಯಾರ್ಥಿಯು ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ. ಕನ್ನಡದಲ್ಲಿ ಇಂತಹ ಒತ್ತಿನ ಭೇದವಿಲ್ಲದ ಕಾರಣ ಅವನು ಕೊನೆಯಕ್ಷರವನ್ನಷ್ಟೇ ನೋಡುವನು. ಎರಡನೆಯ ಬಲೆಯು ಆ ಭಾಷೆಯ ಬರವಣಿಗೆ. ‘ಟಫ್’, ‘ಥ್ರೂ’, ‘ದೋ’, ‘ಬೌ’, ‘ಕಾಫ್’ ಎಂಬ ಐದು ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ ಅವುಗಳಲ್ಲಿ ಒಂದಕ್ಕೊಂದು ಪ್ರಾಸವಿಲ್ಲವೆಂದು ಮಗುವೂ ಹೇಳುವುದು. ಇಂಗ್ಲಿಷ್ ಲಿಪಿಯಲ್ಲಿ ಐದಕ್ಕೂ ಕೊನೆಯ ನಾಲ್ಕು ಅಕ್ಷರಗಳು ಒಂದೇ. ‘ಲವ್’ ‘ಮೂವ್’ಗಳನ್ನು ಕಣ್ಣಿನ ಮೇಳವನ್ನು ನೆಚ್ಚಿ ಅವರ ಕವಿಗಳೇ ಜೋಡಿಸುವುದುಂಟು. ‘ಆರೆಂಜ್’, ‘ಸಿಲ್ವರ್’, ‘ಮಂತ್’ ಮುಂತಾದ ಕೆಲವು ದಿನಬಳಕೆಯ ಶಬ್ದಗಳಿಗೆ ಸರಿಯಾದ ಪ್ರಾಸವು ಆ ಭಾಷೆಯಲ್ಲಿ ದೊರೆಯುವುದೇ ಇಲ್ಲವೆನ್ನಬಹುದು.

ಇಂತಹ ಕಷ್ಟದಿಂದಲೇ ಅವರಲ್ಲಿ ಪ್ರಾಸಕೋಶಗಳು ಹುಟ್ಟಿದುವು. ೧೫೭೦ರಲ್ಲಿ ಲೆವಿನ್ಸ್ ಎಂಬವನು ಇಂಗ್ಲಿಷ್ ಶಬ್ದಗಳನ್ನು ತುದಿಯ ಕ್ರಮದಲ್ಲಿ ಜೋಡಿಸಿ ಲ್ಯಾಟಿನ್ ಅರ್ಥಗಳೊಡನೆ ಅಚ್ಚು ಹಾಕಿಸಿದನು. ೧೭೦೨ರಲ್ಲಿ ಬಿಷ್ ಎಂಬವನು ಕಾವ್ಯಶಿಕ್ಷಣದ ಪುಸ್ತಕಕ್ಕೆ ಪ್ರಾಸಗಳ ಪಟ್ಟಿಯನ್ನು ಸೇರಿಸಿದನು. ೧೭೭೫ರಲ್ಲಿ ಜಾನ್ ವಾಕರನು ಶಬ್ದಗಳನ್ನು ಬಲದಿಂದ ಎಡಕ್ಕೆ ಓದಿ ಕ್ರಮಗೊಳಿಸಿದ ದೊಡ್ಡ ಕೋಶವನ್ನು ಹೊರತಂದನು. ಅದು ತಿದ್ದುಪಡಿಗಳೊಡನೆ ಇಪ್ಪತ್ತನೆಯ ಶತಮಾನದಲ್ಲಿಯೂ ಮುದ್ರಣಗೊಳ್ಳುತ್ತಿದ್ದಿತು. ಈಗ ಆ ಕೆಲಸವನ್ನು ಗಣಕಯಂತ್ರಗಳು ಮಾಡುತ್ತಿವೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ ಉಚ್ಚಾರಣಕೋಶದಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಶಬ್ದಗಳ ನಾದವು ಒತ್ತಿನ ಗುರುತಿನೊಡನೆ ಬರೆಯಲ್ಪಟ್ಟಿದೆ. ಯಂತ್ರವು ಬರವಣಿಗೆಯನ್ನು ಬಿಟ್ಟು ಆ ನಾದಗಳನ್ನೇ ಹೋಲಿಸಿ ಪ್ರಾಸವನ್ನು ಹೆಕ್ಕಿ ಕೊಡುವುದು. ಕೇಶಿರಾಜನ ಕಾಲದ ಕವಿಗೆ ಹಳೆಯ ಬರವಣಿಗೆಯ ನೆನಪು ಬೇಕಾಗಿದ್ದರೆ, ಈ ಯಂತ್ರಕ್ಕೆ ಬರವಣಿಗೆಯನ್ನು ಮರೆಯುವುದೇ ಬೇಕಾಗಿದೆ.

ಹಳೆಯ ಪ್ರಾಸವು ಅಳಿದ ನಾದವನ್ನು ಕಾದಿಡುವುದು ಅವರಲ್ಲಿಯೂ ಉಂಟು. ಪೋಪ್ ಕವಿಯು ೧೭೧೪ರ ತನ್ನ ಕಾವ್ಯವೊಂದರಲ್ಲಿ ‘ಟೀ’ ಎಂಬ ಪಾನೀಯದ ಹೆಸರನ್ನು ‘ಒಬೇ’ ಎಂಬ ಶಬ್ದದೊಡನೆ ಪ್ರಾಸ ಮಾಡಿರುವನು. ಅವನ ಕಾಲದಲ್ಲಿ ಅದನ್ನು ‘ಟೇ’ ಎಂದು ನುಡಿಯುತ್ತಿದ್ದರೆಂಬುದಕ್ಕೆ ಆ ಪ್ರಾಸವು ಸಾಕ್ಷಿಯಾಗಿ ಉಳಿದಿದೆ.

೫

ಹಾಗಾದರೆ ಕನ್ನಡವು ಪ್ರಾಸವನ್ನು ತುದಿಯಲ್ಲಿಡದೆ ಮೊದಲಲ್ಲಿ ಏಕೆ ಇಟ್ಟಿತು? ಭಾಷೆಯ ಕಟ್ಟಿನಲ್ಲಿಯೇ ಇದಕ್ಕೆ ಉತ್ತರವಿದೆ. ಕನ್ನಡದ ಶಬ್ದದಲ್ಲಿ ಅರ್ಥದ ಭಾರವೆಲ್ಲ ಮೊದಲ ಒಂದೆರಡು ಅಕ್ಷರಗಳಲ್ಲಿರುವುದು. ಕೊನೆಯು ಪ್ರತ್ಯಯಗಳಿಗೆ ಮೀಸಲು. ‘ಅಲ್ಲಿ’, ‘ಇಂದ’, ‘ಅನ್ನು’ ಎಂಬ ವಿಭಕ್ತಿಗಳು ನಾಮಪದಕ್ಕೂ, ‘ಅನು’, ‘ಅರು’, ‘ಇತು’ ಎಂಬುವು ಕ್ರಿಯಾಪದಕ್ಕೂ ಹತ್ತುವುವು. ‘ಮನೆಯಲ್ಲಿ’ ಎಂಬುದಕ್ಕೆ ‘ಹೊಲದಲ್ಲಿ’, ‘ಕೆರೆಯಲ್ಲಿ’, ‘ಊರಲ್ಲಿ’ ಎಂದು ತುದಿಪ್ರಾಸ ಕಟ್ಟುವುದು ಐದು ವರ್ಷದ ಹುಡುಗನಿಗೂ ಸುಲಭ. ಸುಲಭವಾದುದರಿಂದಲೇ ಅದರಲ್ಲಿ ಬೆಡಗು ಕಡಮೆ. ಒಂದೇ ಪ್ರತ್ಯಯವು ಮತ್ತೆ ಮತ್ತೆ ಬಂದಿತೇ ಹೊರತು ಎರಡು ಶಬ್ದಗಳು ಎದುರುಗೊಂಡುದಿಲ್ಲ. ಎರಡನೆಯ ಅಕ್ಷರವಾದರೋ ಪ್ರಕೃತಿಯ ಎದೆಯಲ್ಲಿಯೇ ಇರುವುದು. ಅಲ್ಲಿ ಮೇಳ ಕೂಡಿಸಬೇಕಾದರೆ ಬೇರೆಬೇರೆ ಧಾತುಗಳನ್ನೇ ತಂದು ಎದುರೆದುರು ನಿಲ್ಲಿಸಬೇಕು. ಭಾಷೆಯು ತನ್ನ ಭಾರವನ್ನು ಎಲ್ಲಿ ಇಡುವುದೋ ಪ್ರಾಸವೂ ಅಲ್ಲಿಯೇ ನೆಲೆಗೊಳ್ಳುವುದು.

ಗಂಗಾವತಿಯ ಸೀಮೆಯ ಚರಿತ್ರೆಯಲ್ಲಿ ಇದಕ್ಕೆ ಇನ್ನೊಂದು ಬಗೆಯ ಸಮರ್ಥನೆಯು ದೊರೆಯುವುದು. ಈ ತಾಲೂಕುಗಳು ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಆಳಿಕೆಯಲ್ಲಿದ್ದುವು. ಗಂಗಾವತಿಯು ರಾಯಚೂರು ಜಿಲ್ಲೆಗೆ ಸೇರಿದ್ದಿತು. ಆ ಸಂಸ್ಥಾನದಲ್ಲಿ ಕಛೇರಿಯ ಭಾಷೆ ಉರ್ದು, ಪ್ರೌಢಶಿಕ್ಷಣದ ಮಾಧ್ಯಮ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಕನ್ನಡದ ಮನೆಯ ಹುಡುಗನು ಶಾಲೆಯಲ್ಲಿ ಪರಿಚಯ ಮಾಡಿಕೊಂಡ ಪ್ರಾಸವು ಗಜಲಿನದು. ಗಜಲಿನಲ್ಲಿ ಸಾಲಿನ ಕೊನೆಗೆ ಮರುಕಳಿಸುವ ಪದಕ್ಕೆ ‘ರದೀಫ್’ ಎಂದು ಹೆಸರು. ನಿಜವಾದ ಪ್ರಾಸವಾದ ‘ಕಾಫಿಯಾ’ ಅದರ ಹಿಂದೆ ನಿಲ್ಲುವುದು. ಫಾರಸಿಯಿಂದ ಬಂದ ಆ ಕ್ರಮವು ಉರ್ದುವಿಗೆ ಚೆನ್ನಾಗಿ ಒಗ್ಗಿದುದು ಆಕಸ್ಮಿಕವಲ್ಲ. ಉರ್ದುವಿನಲ್ಲಿಯೂ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದು. ‘ಹೈ’ ಎಂಬಂತಹ ಮಾತುಗಳು ಎಲ್ಲ ಸಾಲುಗಳ ತುದಿಯಲ್ಲಿಯೂ ಬೀಳುವುವು. ಆದುದರಿಂದ ಆ ಕವಿಗಳು ತುದಿಯನ್ನು ಪುನರುಕ್ತಿಗೆ ಬಿಟ್ಟುಕೊಟ್ಟು, ಪ್ರಾಸವನ್ನು ಒಂದು ಹೆಜ್ಜೆ ಒಳಕ್ಕೆ ಸರಿಸಿದರು. ಇಂಗ್ಲಿಷಿನದು ತುದಿ, ಉರ್ದುವಿನದು ತುದಿಯ ಹಿಂದಣ ನೆಲೆ, ಕನ್ನಡದ್ದು ಮೊದಲು. ಮೂರು ಭಾಷೆಗಳೂ ತಮ್ಮ ತಮ್ಮ ಭಾರದ ಸ್ಥಾನವನ್ನೇ ಆರಿಸಿಕೊಂಡುವು. ಈ ಉರ್ದು ಸಂಸ್ಕಾರವು ಕನ್ನಡಕ್ಕೆ ವ್ಯರ್ಥವೂ ಆಗಲಿಲ್ಲ. ರಾಯಚೂರು ಸೀಮೆಯ ಶಾಂತರಸರು ಮುಂದೆ ಕನ್ನಡದಲ್ಲಿ ಗಜಲುಗಳನ್ನು ಬರೆದು ಆ ಹಾದಿಯಲ್ಲಿ ಮೊದಲಿಗರೆನಿಸಿದರು.

ಶಾಲೆಯಲ್ಲಿ ಕನ್ನಡಕ್ಕೆ ಎಡೆಯಿಲ್ಲದ ಆ ಕಾಲದಲ್ಲಿ ಕನ್ನಡದ ಕಿವಿಯು ಕೆಡದೆ ಉಳಿದುದು ಹೇಗೆ? ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಹಾಡುತ್ತಿದ್ದುದು ತ್ರಿಪದಿಗಳನ್ನು. ಬಾದಾಮಿಯ ಬಂಡೆಯ ಮೇಲಿನ ಛಂದಸ್ಸೇ ಅದು, ಎರಡನೆಯ ಅಕ್ಷರದ ಪ್ರಾಸವೂ ಅದರೊಡನೆಯೇ. ತುಂಗಭದ್ರೆಯ ತೀರದ ಆನೆಗೊಂದಿಯು ಗಂಗಾವತಿ ತಾಲೂಕಿನದು. ಅಲ್ಲಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವಿದೆ. ಅವರಿಂದ ಬೆಳೆದ ದಾಸಪಂಥವು ಹದಿನೆಂಟನೆಯ ಶತಮಾನದಲ್ಲಿ ರಾಯಚೂರು ಸೀಮೆಯ ವಿಜಯದಾಸರು, ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು ಇವರಿಂದ ಮತ್ತೊಮ್ಮೆ ಚಿಗುರಿತು. ಜಗನ್ನಾಥದಾಸರ ‘ಹರಿಕಥಾಮೃತಸಾರ’ವು ಭಾಮಿನೀ ಷಟ್ಪದಿಯಲ್ಲಿದೆ. ಅದನ್ನು ಮನೆಗಳಲ್ಲಿ ಬಾಯಿಪಾಠವಾಗಿ ಹೇಳುವವರಿಗೆ ಒಂದು ಸಾಲಿನ ಎರಡನೆಯ ಅಕ್ಷರವೇ ಮುಂದಣ ಸಾಲಿನ ಮೊದಲ ಮಾತನ್ನು ಎಳೆದು ತರುವುದು. ಪುಸ್ತಕವಿಲ್ಲದವರಿಗೆ ಪ್ರಾಸವೇ ಪುಸ್ತಕದ ದಾರವಾಗಿದ್ದಿತು. ಓದಿಲ್ಲದೆಯೂ ಕಾವ್ಯದಲ್ಲಿ ನುರಿತ ಜನರೆಂಬ ಕವಿರಾಜಮಾರ್ಗದ ಮಾತು ಕೊಪಣದ ನೆರೆಯಲ್ಲಿ ಹೀಗೆ ನಿಜವಾಗಿ ಉಳಿದಿದ್ದಿತು.

೬

ಇಷ್ಟು ಬೇರುಬಿಟ್ಟ ಪ್ರಾಸವನ್ನು ಬಿಡುವ ಮಾತು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹೊರಟಿತು. ವಚನಕಾರರು ಹನ್ನೆರಡನೆಯ ಶತಮಾನದಲ್ಲಿಯೇ ಪ್ರಾಸದ ಕಟ್ಟಿಗೆ ಸಿಲುಕದೆ ನುಡಿದಿದ್ದರು. ಆದರೆ ಅದು ಪದ್ಯದ ಮಾತಲ್ಲವೆಂದು ಪಂಡಿತರು ಸುಮ್ಮನಿದ್ದರು. ಪದ್ಯದಲ್ಲಿಯೇ ಆದಿಪ್ರಾಸವನ್ನು ತೊರೆಯುವ ಸಂಕಲ್ಪವನ್ನು ೧೯೧೧ರಲ್ಲಿ ಮಾಡಿದವರು ಮಂಜೇಶ್ವರದ ಗೋವಿಂದ ಪೈಗಳು. ಪ್ರಾಸಕ್ಕಾಗಿ ಬೇಡದ ಶಬ್ದವನ್ನು ತಂದು ಕೂರಿಸುವುದೂ, ಬೇಕಾದ ಭಾವವನ್ನು ಬಿಟ್ಟುಕೊಡುವುದೂ ಹಳೆಯ ಪದ್ಯಗಳಲ್ಲಿ ಅಪರೂಪವಾಗಿರಲಿಲ್ಲ. ಇಂಗ್ಲಿಷಿನಲ್ಲಿ ಮಿಲ್ಟನ್ ಕವಿಯು ೧೬೬೭ರ ತನ್ನ ಮಹಾಕಾವ್ಯದಲ್ಲಿ ಅಂತ್ಯಪ್ರಾಸವನ್ನು ತೊರೆದು, ಮರುವರ್ಷ ಅದಕ್ಕೆ ಸೇರಿಸಿದ ಟಿಪ್ಪಣಿಯಲ್ಲಿ ಪ್ರಾಸವನ್ನು ಬಂಧನವೆಂದು ಕರೆದಿದ್ದನು. ಪೈಗಳ ಸಂಕಲ್ಪವು ಅದೇ ಜಾತಿಯದು. ಪ್ರಾಸವಿಲ್ಲದ ಪದ್ಯವು ಪದ್ಯವೇ ಅಲ್ಲವೆಂಬ ವಿರೋಧವು ಅದಕ್ಕೂ ಬಂದಿತು.

ಬೇರೊಂದು ದಿಕ್ಕಿನಿಂದ ಬಂದವರು ಬಿ. ಎಂ. ಶ್ರೀಕಂಠಯ್ಯನವರು. ಅವರ ‘ಇಂಗ್ಲಿಷ್ ಗೀತಗಳು’ ೧೯೨೬ರಲ್ಲಿ ಪುಸ್ತಕವಾಗಿ ಬಂದುದರಿಂದ ಇಂಗ್ಲಿಷಿನ ಪದ್ಯಬಂಧಗಳೂ ಅಂತ್ಯಪ್ರಾಸಗಳೂ ಕನ್ನಡ ಕಾವ್ಯದ ಬಳಕೆಗೆ ಬಂದುವು. ಇಂಗ್ಲಿಷಿನ ಪ್ರಾಸವು ಕನ್ನಡದ ಪ್ರಾಸವನ್ನು ಅಟ್ಟಿಬಿಟ್ಟಿತೆಂದು ಇದರಿಂದ ಹೇಳುವ ವಾಡಿಕೆಯುಂಟು. ಪುಸ್ತಕವನ್ನು ಬಿಚ್ಚಿ ನೋಡಿದರೆ ಅದು ಪೂರ್ಣಸತ್ಯವಲ್ಲವೆಂದು ಕಾಣುವುದು. ನ್ಯೂಮನ್ ೧೮೩೩ರಲ್ಲಿ ಬರೆದ ಪ್ರಾರ್ಥನಾಗೀತವು ‘ಕರುಣಾಳು ಬಾ ಬೆಳಕೆ’ ಎಂದು ಕನ್ನಡದ ಮನೆಮನೆಯ ಹಾಡಾಗಿದೆ. ಅದರ ಮೊದಲೆರಡು ಸಾಲುಗಳ ಮೊದಲ ಮಾತುಗಳಲ್ಲಿ ಎರಡನೆಯ ಅಕ್ಷರವು ರಕಾರ, ಹಿಂದೆ ಎರಡರಲ್ಲಿಯೂ ಹ್ರಸ್ವ. ಅದು ನಾಗವರ್ಮನೂ ಒಪ್ಪತಕ್ಕ ಸಿಂಹಪ್ರಾಸ. ಇಂಗ್ಲಿಷಿನ ಮೂಲದಲ್ಲಿ ಅದಿಲ್ಲ, ಇರುವಂತೆಯೂ ಇಲ್ಲ. ಹೊಸದನ್ನು ತರುವ ಕೈಯಲ್ಲಿಯೇ ಹಳೆಯ ಕಿವಿಯು ಕೆಲಸ ಮಾಡಿದೆ. ಶ್ರೀಯವರು ೧೯೨೮ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ನಿಜಾಮರ ಸೀಮೆಯ ಕನ್ನಡಿಗರ ನಡುವೆ ಬಂದಿದ್ದರು. ೧೯೩೪ರಲ್ಲಿ ರಾಯಚೂರಿನ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ಮಕ್ಕಳ ಕವಿಗಳಾದ ಪಂಜೆ ಮಂಗೇಶರಾಯರು. ಅವರ ‘ಹಾವಿನ ಹಾಡು’ ಎಂಬ ಪದ್ಯದ ಆರಂಭದ ಎರಡು ಸಾಲುಗಳಲ್ಲಿ ಎರಡನೆಯ ಅಕ್ಷರದ ಗಜಪ್ರಾಸವೂ ಸಾಲಿನ ಕೊನೆಯ ಅಂತ್ಯಪ್ರಾಸವೂ ಜೊತೆಯಾಗಿ ನಿಂತಿವೆ. ಮಕ್ಕಳು ಅದನ್ನು ಒಂದು ಸಲ ಕೇಳಿದರೆ ಮರೆಯದಿರುವುದಕ್ಕೆ ಈ ಎರಡು ಗಂಟುಗಳೂ ಕಾರಣ.

ಇದರಿಂದ ತಿಳಿಯುವುದೇನೆಂದರೆ, ಆ ಕಾಲದ ಹಿರಿಯರು ತೊರೆದುದು ಪ್ರಾಸವನ್ನಲ್ಲ, ಪ್ರಾಸದ ಕಡ್ಡಾಯವನ್ನು. ಕಡ್ಡಾಯವು ಹೋದುದರಿಂದ ಕನ್ನಡ ಕಾವ್ಯಕ್ಕೆ ಆದ ಲಾಭವು ದೊಡ್ಡದು. ಕುವೆಂಪುರವರ ‘ಶ್ರೀ ರಾಮಾಯಣ ದರ್ಶನಂ’ ಆ ಬಿಡುಗಡೆಯಿಲ್ಲದೆ ಹುಟ್ಟುತ್ತಿರಲಿಲ್ಲ. ನಷ್ಟವೂ ಇಲ್ಲದಿಲ್ಲ. ಕಡ್ಡಾಯವಿದ್ದಾಗ ಕವಿಯು ಪ್ರಾಸಕ್ಕಾಗಿ ಭಾಷೆಯ ಮೂಲೆಮೂಲೆಯನ್ನು ಗುಡಿಸಿ ಶಬ್ದಗಳನ್ನು ತರುತ್ತಿದ್ದನು. ಬಳಕೆ ತಪ್ಪುತ್ತಿದ್ದ ದೇಸಿಯ ಶಬ್ದಗಳು ಆ ನೆಪದಿಂದ ಕಾವ್ಯದಲ್ಲಿ ಸೇರಿ ಉಳಿದುಕೊಳ್ಳುತ್ತಿದ್ದುವು. ಪ್ರತ್ಯಯಗಳ ಅಂತ್ಯಪ್ರಾಸದಿಂದ ತೃಪ್ತರಾದವರಿಗೆ ಆ ಹುಡುಕಾಟದ ಹಂಗಿಲ್ಲ. ಬಂಧನವನ್ನು ಬಿಟ್ಟುದರ ಹಿರಿಮೆಯು ಬಂಧನವನ್ನು ಬಲ್ಲವರಿಗೆ ಸಲ್ಲತಕ್ಕುದು. ಪೈಗಳೂ ಶ್ರೀಯವರೂ ಅದನ್ನು ಬಲ್ಲವರಾಗಿದ್ದರು.

ಪೈಗಳ ಸಂಕಲ್ಪಕ್ಕೆ ನೂರು ವರ್ಷಗಳು ತುಂಬಿದ ೨೦೧೧ರ ಡಿಸೆಂಬರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಎಪ್ಪತ್ತೆಂಟನೆಯ ಅಧಿವೇಶನವು ಗಂಗಾವತಿಯಲ್ಲಿಯೇ ಸೇರಿತು, ಅಧ್ಯಕ್ಷರು ಸಿ. ಪಿ. ಕೃಷ್ಣಕುಮಾರರು. ಅಷ್ಟರೊಳಗೆ ಈ ಸೀಮೆಯು ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿ, ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯ ಭಾಗವಾಗಿದ್ದಿತು. ಉರ್ದುವಿನ ಶಾಲೆಯಲ್ಲಿ ಓದಿದವರ ಮೊಮ್ಮಕ್ಕಳು ಇಂಗ್ಲಿಷಿನ ಶಾಲೆಗಳಿಗೆ ಹೋಗತೊಡಗಿದ್ದರು. ಅವರು ಅಲ್ಲಿ ಮೊದಲು ಕಲಿಯುವುದು ಇಂಗ್ಲಿಷಿನ ತುದಿಪ್ರಾಸದ ಶಿಶುಗೀತಗಳನ್ನು, ಅದರಲ್ಲಿ ಕೇಡಿಲ್ಲ. ಒಂದು ಶಬ್ದಕ್ಕೆ ಪ್ರಾಸ ಹುಡುಕುವ ಆಟದಷ್ಟು ಚೆನ್ನಾಗಿ ಕಿವಿಯನ್ನು ತಿದ್ದುವ ಶಿಕ್ಷಣವು ಮತ್ತೊಂದಿಲ್ಲ. ಬರವಣಿಗೆಯನ್ನು ನಂಬದೆ ನಾದವನ್ನು ನಂಬಬೇಕೆಂಬ ಪಾಠವನ್ನು ಇಂಗ್ಲಿಷ್ ಪ್ರಾಸವು ಚೆನ್ನಾಗಿ ಕಲಿಸುವುದು. ಆದರೆ ಅದೇ ಮಗುವಿಗೆ ತನ್ನ ಊರಿನ ಹೆಸರಿಗೆ ಎರಡನೆಯ ಅಕ್ಷರದ ನೆಂಟರನ್ನು ಹುಡುಕುವ ಆಟವನ್ನೂ ಮನೆಯ ಹಿರಿಯರು ಕಲಿಸಬೇಕು. ಒಂದು ಬರೆಯುವ ಪುಸ್ತಕದಲ್ಲಿ ಆರು ಪ್ರಾಸಗಳ ಆರು ಭಾಗಗಳನ್ನು ಮಾಡಿ, ದಿನಕ್ಕೆ ನಾಲ್ಕು ಶಬ್ದಗಳಂತೆ ಮಕ್ಕಳಿಂದಲೇ ಬರೆಸಿದರೆ ವರ್ಷದೊಳಗೆ ಸಾವಿರಕ್ಕೂ ಹೆಚ್ಚು ಶಬ್ದಗಳ ಒಂದು ಮನೆಯ ಪ್ರಾಸಕೋಶವು ಸಿದ್ಧವಾಗುವುದು. ಅಜ್ಜಿಯು ಬಲ್ಲ ಶಬ್ದಗಳು ಮೊಮ್ಮಗಳ ಪುಸ್ತಕಕ್ಕೆ ಇಳಿಯುವುದಕ್ಕೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಕನ್ನಡದ ತಿರುಳಿನ ನಾಡೆಂದು ಹೆಸರಾದ ಸೀಮೆಯಲ್ಲಿ ಆ ಕೆಲಸವು ಮೊದಲಾಗುವುದು ಉಚಿತವಾದುದೇ ಸರಿ.